ಅಮ್ಮನ ಮೇಲಿನ ಆಣೆ

ಲಗ್ಗೆರೆ
24 ಆಗಸ್ಟ್ 2025

ಅಣ್ಣ ಲೋಕೇಶನಿಗೆ, ವೇಣಿ ಬರೆಯುವುದು.

ಕಾಗದ ನೋಡಿ ಸಿಟ್ಟು ಮಾಡಿಕೊಳ್ಳಬೇಡ. ದೊಡ್ಡಮುನಿಯಪ್ಪ ತಾತನನ್ನು ಕೇಳಿಯೇ ಬರೆಯುತ್ತಿದ್ದೇನೆ. ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ರಾಜೇಂದ್ರನನ್ನು ನಾನು ಮದುವೆಯಾದೆ ಎಂದು ನೀನು ಅಮ್ಮನ ತಲೆಯ ಮೇಲೆ ಕೈಯಿಟ್ಟು, "ನಾನಾಗಲಿ ನನ್ನ ಹೆಂಡತಿಯಾಗಲಿ ಇವಳ ಜೊತೆ ಇನ್ನು ಬಾಯಿಬಿಟ್ಟರೆ ಅಮ್ಮನ ಮೇಲಾಣೆ" ಅಂದೆಯಲ್ಲ, ಅವತ್ತು ಜಗಲಿಯ ಮೇಲೆ ಕೂತು ನೋಡಿದವರು ಅವರೇ. ನಾನೂ ಅದೇ ತಲೆಯ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದ್ದನ್ನೂ ಅವರು ನೋಡಿದ್ದಾರೆ.

ಹೋದ ವಾರ ತಾತ ಇಲ್ಲಿ ಒಂದು ಮದುವೆಗೆ ಬಂದಿದ್ದರು. ಮೆಲ್ಲಗೆ ಪಕ್ಕದಲ್ಲಿ ಕೂತು, ಬರೆದರೆ ಆಣೆ ಮುರಿದ ಹಾಗಾಗುತ್ತದಾ ತಾತ ಎಂದು ಕೇಳಿದೆ. ಎಲೆ ಅಡಿಕೆ ಮುಗಿಯುವವರೆಗೆ ಯೋಚನೆ ಮಾಡಿದರು. ಆಮೇಲೆ ಹೇಳಿದರು: "ಕಾಗ್ದ ಬರ್ಕಬೌದು ಕಣವ್ವ, ಅದುಕ್ಕೆ ಬಾಯಿಲ್ಲ. ಫೋನ್ ಬ್ಯಾಡ. ಫೋನ್ನಾಗೆ ಬರುದ್ರೂ ಅದು ಬಾಯೇಯ, ಟಿಂಗ್ ಅಂತದೆ."

ಅಮ್ಮ ಬಿದ್ದ ಸುದ್ದಿ ನನಗೆ ಶೇಖರಪ್ಪನಿಂದ ಗೊತ್ತಾಯಿತು. ರಾಜೇಂದ್ರನ ಫ್ಯಾಕ್ಟರಿಯಲ್ಲಿ ಬಣ್ಣ ಹಾಕಿದ ಪಾರ್ಟುಗಳನ್ನು ನಿಮ್ಮ ಕಡೆಯ ಇಂಡಸ್ಟ್ರಿಯಲ್ ಏರಿಯಾಕ್ಕೆ ಟೆಂಪೋದಲ್ಲಿ ಒಯ್ಯುವವನು ಅವನು. ಅಮ್ಮನ ಫೋನು ಇಷ್ಟು ದಿನ ಸ್ವಿಚ್ ಆಫ್ ಬರುತ್ತಿತ್ತು. ನನ್ನ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಮಾತಾಡದ ದಿನವೇ ಇರಲಿಲ್ಲ. ನೀನೇ ಫೋನ್ ಕಿತ್ತಿಟ್ಟೆ ಅಂದುಕೊಂಡು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಹೊಸ್ತಿಲು ತುಳಿಯಬೇಡ ಅಂದಿದ್ದೀಯ, ಬಂದು ನೋಡುವ ಹಾಗಿಲ್ಲ. ಅಮ್ಮ ಹೇಗಿದ್ದಾಳೆ? ಅಷ್ಟು ಬರೆದರೆ ಸಾಕು. ಕಾಗದವನ್ನು ಶೇಖರಪ್ಪನ ಕೈಗೆ ಕೊಡು.

ನಿನ್ನ ತಂಗಿ
ವೇಣಿ


ದೊಡ್ಡನೆಕ್ಕುಂದಿ
29 ಆಗಸ್ಟ್ 2025

ವೇಣಿಗೆ,

ಫೋನ್ ಕಿತ್ತಿಡುವಷ್ಟು ಕೆಟ್ಟವನಲ್ಲ ನಾನು. ನೀರಿನ ಟ್ಯಾಂಕರ್ ಬಂದಿತ್ತು. ಸಂಪಿನ ಮುಚ್ಚಳ ತೆಗೆದು ಪೈಪು ಇಳಿಸಿದ್ದರು. ಎಷ್ಟು ತುಂಬಿತು ಎಂದು ಅಮ್ಮ ಬಗ್ಗಿ ನೋಡುವಾಗ ಕಾಲು ಜಾರಿತು. ಫೋನ್ ಸಂಪಿನೊಳಗೆ, ಅಮ್ಮ ಹೊರಗೆ. ಬಿದ್ದಲ್ಲಿಂದಲೇ ಮೊದಲು ಫೋನ್ ತೆಗೀರಿ ಎಂದು ಕೂಗಿದಳು. ನಿನಗೆ ಫೋನ್ ಮಾಡುವ ಹೊತ್ತಾಗಿತ್ತು ಅನ್ನಿಸುತ್ತದೆ. ನೀರು ಹೊಕ್ಕ ಆ ಫೋನ್ ಮತ್ತೆ ಆನ್ ಆಗಲಿಲ್ಲ.

ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಕಟ್ಟಿಸಿದೆವು. ಅಪ್ಪನ ಕೈ ಕೂಡಿದ್ದು, ನಿನ್ನ ಮುಂಗಾಲು ಕೂಡಿದ್ದು ಆ ಕಟ್ಟಿನಲ್ಲೇ. ಈ ಸಲ ಕಟ್ಟಿದ ಮೇಲೂ ಅಮ್ಮ ಮಗ್ಗುಲು ಹೊರಳಿದರೆ ಕಿರುಚುತ್ತಿದ್ದಳು. ಮೊನ್ನೆ ಎಕ್ಸ್‌ರೇ ತೆಗೆಸಿದೆ. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲೇ ಮುರಿದು ಸರಿದಿದೆಯಂತೆ. ಅದು ಯಾವ ಕಟ್ಟಿಗೂ ಕೂಡುವುದಲ್ಲ, ಆಪರೇಷನ್ ಮಾಡಿ ಮೂಳೆಯ ಗುಂಡನ್ನೇ ಬದಲಾಯಿಸಬೇಕು ಎಂದರು. ಬೇಗ ಮಾಡಿದರೆ ನಡೆಯುತ್ತಾರೆ, ತಡವಾದರೆ ಮಲಗಿದಲ್ಲೇ ಎಂದರು.

ಮೇನ್ ರೋಡಿನ ದೊಡ್ಡ ಆಸ್ಪತ್ರೆಯವರು ಹೇಳಿದ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಕೈಯಲ್ಲಿದ್ದದ್ದೆಲ್ಲ ಮೂರನೇ ಮಹಡಿಯ ಕಂಬಿ ಸಿಮೆಂಟು ಆಗಿದೆ. ನಮ್ಮದು ಎಪಿಎಲ್ ಕಾರ್ಡು, ಸರ್ಕಾರದ ವಿಮೆ ನಮಗೆ ಪೂರ್ತಿ ಸಿಗುವುದಿಲ್ಲ. ಕಾರ್ಡಿನ ಲೆಕ್ಕದಲ್ಲಿ ನಾವು ಸಾಹುಕಾರರು.

ನಾನು ನೋಡಿಕೊಳ್ಳುತ್ತೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಲೋಕೇಶ್


ಲಗ್ಗೆರೆ
3 ಸೆಪ್ಟೆಂಬರ್ 2025

ಅಣ್ಣ,

ನಿನ್ನ ಕಾಗದವನ್ನು ರಾಜೇಂದ್ರನೂ ಓದಿದ. ಆಮೇಲೆ ಈ ದಾರಿ ಹೇಳಿದ್ದು ಅವನೇ. ಹಾಗೆಂದು ಬೇಡ ಅನ್ನಬೇಡ.

ನಮ್ಮದು ಬಿಪಿಎಲ್ ಕಾರ್ಡು. ಅಮ್ಮನ ಹೆಸರನ್ನು ನಿನ್ನ ಕಾರ್ಡಿನಿಂದ ತೆಗೆಸಿ ನಮ್ಮ ಕಾರ್ಡಿಗೆ ಸೇರಿಸಿದರೆ ಆಪರೇಷನ್ ಸರ್ಕಾರದ ವಿಮೆಯಲ್ಲಿ ಆಗುತ್ತದೆ. ಇಲ್ಲಿನ ಸೇವಾ ಕೇಂದ್ರದಲ್ಲಿ ವಿಚಾರಿಸಿದೆ. ತಿದ್ದುಪಡಿಗೆ ಈಗ ಅವಕಾಶ ಬಿಟ್ಟಿದ್ದಾರೆ, ಯಾವಾಗ ಮುಚ್ಚುತ್ತಾರೋ ತಿಳಿಯದು. ನಿನ್ನ ಕಾರ್ಡಿನಲ್ಲಿರುವ ಒಬ್ಬರು ಬಂದು ಹೆಬ್ಬೆಟ್ಟು ಒತ್ತಬೇಕು. ಅಮ್ಮ ಬರಲಾರಳು. ನೀನು ಬರಬೇಕು.

ಕಾರ್ಡಿಗೆ ಹೆಸರು ಬಂದ ಮೇಲೆ ಆ ವಿಮೆಯಲ್ಲಿ ಆಪರೇಷನ್ ಮಾಡುವ ಮೂಳೆ ಡಾಕ್ಟರನ್ನು ಹುಡುಕುವುದು ನನ್ನ ಕೆಲಸ. ನಾನು ಐದನೇ ಕ್ಲಾಸಿಗೇ ಬಿಟ್ಟವಳು, ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಆದರೂ ಕೇಳುತ್ತೇನೆ.

ವೇಣಿ


ದೊಡ್ಡನೆಕ್ಕುಂದಿ
5 ಸೆಪ್ಟೆಂಬರ್ 2025

ವೇಣಿಗೆ,

ಗಂಡುಮಗ ಬದುಕಿರುವಾಗ ತಾಯಿಯ ಹೆಸರು ಅಳಿಯನ ಕಾರ್ಡಿಗೆ ಹೋಯಿತು ಎಂದರೆ ಊರಿನಲ್ಲಿ ನಾನು ತಲೆ ಎತ್ತುವುದು ಹೇಗೆ? ಅದೂ ನಮ್ಮ ಮನೆಯಲ್ಲೇ ಬಾಡಿಗೆಗಿದ್ದವನ ಕಾರ್ಡಿಗೆ. ಅಮ್ಮ ಈ ಮನೆಗೆ ಸೊಸೆಯಾಗಿ ಬಂದವಳು, ಈ ಮನೆಯಲ್ಲೇ ಇರುತ್ತಾಳೆ. ಆಗುವುದಿಲ್ಲ.

ಇಷ್ಟು ಬರೆದು ಎತ್ತಿಟ್ಟಿದ್ದೆ. ಇವತ್ತು ತಾರೀಕು ಒಂಬತ್ತು. ಬೆಳಗ್ಗೆ ನಿನ್ನ ಅತ್ತಿಗೆ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದಳು. ಅಮ್ಮ ಯಾರನ್ನೂ ಕರೆಯದೆ ಮಂಚದಿಂದ ಜಾರಿಕೊಂಡು, ಕೈ ಊರಿ ತೆವಳುತ್ತಾ ಬಚ್ಚಲಿಗೆ ಹೊರಟಿದ್ದಳು. ನಾನು ನೋಡುವಾಗ ನಡುಮನೆಯ ಮಧ್ಯದಲ್ಲಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಎತ್ತಿ ಮಲಗಿಸಿ ಕಾರ್ಡಿನ ವಿಷಯ ಹೇಳಿದೆ.

"ಎಸ್ರು ಎಲ್ಲಿದ್ರೇನ್ಲಾ, ಕಾಲು ನೆಲುಕ್ಕೆ ಊರ್ಬೇಕು" ಎಂದಳು.

ಶುಕ್ರವಾರ ಬರುತ್ತೇನೆ. ಕೇಂದ್ರ ಯಾವ ರಸ್ತೆಯಲ್ಲಿದೆ ಎಂದು ಬರಿ.

ಲೋಕೇಶ್


ಲಗ್ಗೆರೆ
26 ಸೆಪ್ಟೆಂಬರ್ 2025

ಅಣ್ಣ,

ಅಮ್ಮನ ಹೆಸರು ನಮ್ಮ ಕಾರ್ಡಿಗೆ ಬಂತು. ಅನುಸೂಯಮ್ಮ ಎಂದು ಕೊನೆಯ ಸಾಲಿನಲ್ಲಿದೆ. ನೋಡಿದಾಗ ಖುಷಿಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ನಿನ್ನ ಕಾರ್ಡಿನಲ್ಲಿ ಈಗ ಆ ಜಾಗ ಹೇಗಿರಬಹುದು ಎಂದೇ ಯೋಚನೆ ಬಂತು.

ಅವತ್ತು ಕೇಂದ್ರದಲ್ಲಿ ನೋಡಿದರೆ ನೀನು ತುಂಬ ಸೊರಗಿದ್ದೆ. ನೀನು ಕಂಪ್ಯೂಟರಿನ ಹುಡುಗನಿಗೆ, ಅವರ ಆಧಾರ್ ತಗೊಳ್ಳಿ ಎಂದು ಹೇಳುವುದು, ನಾನು ಅವನಿಗೇ, ಅವರನ್ನು ಹೆಬ್ಬೆಟ್ಟು ಒತ್ತೋಕೆ ಹೇಳಿ ಅನ್ನುವುದು. ಪಕ್ಕಪಕ್ಕದಲ್ಲೇ ನಿಂತಿದ್ದೆವು. "ಏನ್ ಗುರು, ಒಂದೇ ಮುಖ ಇಟ್ಕೊಂಡಿದ್ದೀರ, ಮಧ್ಯ ನಾನ್ಯಾಕೆ ಪೋಸ್ಟ್‌ಮ್ಯಾನು" ಎಂದು ಅವನು ಅಂದಾಗ ನಿನಗೆ ನಗು ಬಂದದ್ದು ನಾನು ನೋಡಿದೆ.

ಡಾಕ್ಟರ್ ಇನ್ನೂ ಸಿಕ್ಕಿಲ್ಲ. ಎಕ್ಸ್‌ರೇ ಹಿಡಿದುಕೊಂಡು, ರಜೆ ಹಾಕಿ ಹಾಕಿ ತಿರುಗುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಆದರೆ ಹಾಸಿಗೆ ಖಾಲಿಯಾಗುವುದಕ್ಕೆ ಬಹಳ ದಿನ ಬೇಕು ಎಂದು ಅವರೇ ಹೇಳಿ, ವಿಮೆ ನಡೆಯುವ ಬೇರೆ ಆಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಹೋದ ಮೊದಲನೇ ಕಡೆ, ಈ ವಿಮೆಯಲ್ಲಿ ನಾವು ಕಣ್ಣು, ಕಿಡ್ನಿ ಮಾತ್ರ ನೋಡುವುದು, ಮೂಳೆ ಇಲ್ಲ ಎಂದರು. ಇನ್ನೊಂದು ಕಡೆ ಮೂಳೆ ಇದೆ, ಬದಲಾಯಿಸುವ ಗುಂಡು ಮಾತ್ರ ನೀವೇ ತರಬೇಕು ಎಂದರು. ಮತ್ತೊಂದು ಕಡೆ ಕೌಂಟರಿನ ಹುಡುಗಿ ಪಾಪ ಧ್ವನಿ ತಗ್ಗಿಸಿ ಹೇಳಿದಳು: "ಕಾರ್ಡ್ ಆಸ್ಪತ್ರೆ ತಗೊಳ್ಳತ್ತೆ ಅಕ್ಕ, ಡಾಕ್ಟರ್ ತಗೊಳ್ಳಲ್ಲ." ಹಾಗಂದರೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು, ಕೇಳಬೇಕಿತ್ತು, ಕೇಳಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ.

ಅಲ್ಲಿನ ಸೆಕ್ಯುರಿಟಿಯವರು ನನ್ನನ್ನು ನೋಡಿ ಬಂದು ಕೇಳಿದರು. ತುಮಕೂರು ರಸ್ತೆಯ ಒಂದು ಸಣ್ಣ ಆಸ್ಪತ್ರೆಗೆ ನಿವೇದಿತಾ ಎನ್ನುವ ಮೇಡಂ ಬರುತ್ತಾರೆ, ಕಾರ್ಡಿನವರಿಗೂ ಆಪರೇಷನ್ ಮಾಡುತ್ತಾರೆ, ಈ ಸೆಕ್ಯುರಿಟಿಯವರ ಅತ್ತೆಗೂ ಅವರೇ ಮಾಡಿದ್ದಾರಂತೆ. ನಾಳೆ ಹೋಗುತ್ತೇನೆ.

ಅಮ್ಮನ ಬೆನ್ನು ದಿನಾ ಒರೆಸಲು ಅತ್ತಿಗೆಗೆ ಹೇಳು. ಹೇಳಿಸಿಕೊಳ್ಳಬೇಕಾದವಳಲ್ಲ ಅವಳು, ಆದರೂ.

ವೇಣಿ


ಲಗ್ಗೆರೆ
30 ಸೆಪ್ಟೆಂಬರ್ 2025, ಬೆಳಗ್ಗೆ

ಅಣ್ಣ,

ಸಿಕ್ಕರು. ನಿವೇದಿತಾ ಮೇಡಂ ಎಕ್ಸ್‌ರೇ ನೋಡಿ, ಇಷ್ಟು ದಿನ ಏನ್ಮಾಡ್ತಿದ್ರಿ ಎಂದು ಬೈದರು. ಬೈದದ್ದೇ ನನಗೆ ಸಮಾಧಾನವಾಯಿತು, ಮಾಡುವವರು ತಾನೇ ಬೈಯುವುದು. ವಿಮೆಯ ಮಂಜೂರಾತಿ ನಿನ್ನೆ ಸಂಜೆ ಬಂತು.

ಶುಕ್ರವಾರ, ಅಕ್ಟೋಬರ್ ಮೂರು. ಬೆಳಗ್ಗೆ ಎಂಟಕ್ಕೆ ಅಡ್ಮಿಟ್, ಮಧ್ಯಾಹ್ನ ಆಪರೇಷನ್. ಅಮ್ಮ ಖಾಲಿ ಹೊಟ್ಟೆಯಲ್ಲಿರಬೇಕು. ಮಲಗಿಸಿಕೊಂಡು ಬರುವ ಗಾಡಿಯಲ್ಲೇ ಕರೆದುಕೊಂಡು ಬಾ. ಆಸ್ಪತ್ರೆಯ ವಿಳಾಸ ಹಿಂದೆ ಬರೆದಿದ್ದೇನೆ. ನಾನು ಬಾಗಿಲಲ್ಲೇ ಇರುತ್ತೇನೆ.

ಹಬ್ಬಕ್ಕೆ ಮೊದಲು ಇವತ್ತೊಂದು ಲೋಡು ಇದೆಯಂತೆ. ಶೇಖರಪ್ಪ ಈಗಲೇ ಹೊರಟಿದ್ದಾನೆ, ಓಡಿಹೋಗಿ ಕೊಡುತ್ತೇನೆ.

ವೇಣಿ


ಲಗ್ಗೆರೆ
4 ಅಕ್ಟೋಬರ್ 2025

ಲೋಕೇಶನಿಗೆ,

ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಏಳು ಗಂಟೆಯಿಂದ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಯಾವ ಬಿಳಿ ಗಾಡಿ ತಿರುಗಿದರೂ ನೀವೇ ಅಂದುಕೊಂಡೆ. ಹತ್ತಕ್ಕೆ ನರ್ಸಮ್ಮ ಬಂದು ಕೇಳಿದರು, ಬರುತ್ತಿದ್ದಾರೆ ಎಂದೆ. ಹನ್ನೊಂದಕ್ಕೆ ರಾಜೇಂದ್ರ ನಿನಗೆ ಫೋನ್ ಮಾಡಿದ. ನೀನು ಕಟ್ ಮಾಡಿದೆ. ಮತ್ತೆ ಮಾಡಿದ, ಮತ್ತೆ ಕಟ್ ಮಾಡಿದೆ. ಆಗ ಗೊತ್ತಾಯಿತು ನೀನು ಬರುವುದಿಲ್ಲ ಎಂದು.

ನಾನು ನನ್ನ ಫೋನಿನಲ್ಲಿ ನಿನ್ನ ನಂಬರು ಒತ್ತಿ ಇಟ್ಟುಕೊಂಡಿದ್ದೆ. ಹಸಿರು ಗುಂಡಿ ಒಂದೇ ಬಾಕಿ. ಅಮ್ಮನನ್ನು ಆಪರೇಷನ್ ಕೋಣೆಗೆ ಕಳಿಸಬೇಕಾದ ದಿನ ಅವಳ ಮೇಲಿನ ಆಣೆ ಮುರಿಯಬೇಕಾ? ಒಳಗೆ ಏನಾದರೂ ಆದರೆ? ಆ ಹೆದರಿಕೆಗೆ ಬೆರಳು ಇಳಿಯಲಿಲ್ಲ. ಪರದೆ ಕತ್ತಲಾಯಿತು, ಮತ್ತೆ ಒತ್ತಿದೆ, ಮತ್ತೆ ಕತ್ತಲಾಯಿತು.

ಎರಡು ಗಂಟೆಗೆ ಮೇಡಂ ಬೇರೆಯವರನ್ನು ಒಳಗೆ ಕರೆಸಿಕೊಂಡರು. ಆ ಹೆಂಗಸಿನ ಮಗ ಅವಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದ.

ನನ್ನ ಗಂಡನ ಕಾರ್ಡಿನಲ್ಲಿ ನಿನ್ನ ತಾಯಿಗೆ ಕಾಲು ಬರುವುದು ಬೇಡವಾಗಿದ್ದರೆ ಹೆಬ್ಬೆಟ್ಟು ಯಾಕೆ ಒತ್ತಿದೆ?

ವೇಣಿ


ದೊಡ್ಡನೆಕ್ಕುಂದಿ
6 ಅಕ್ಟೋಬರ್ 2025

ವೇಣಿ,

ನಿನ್ನ ಎರಡು ಕಾಗದ ಇವತ್ತು ಒಟ್ಟಿಗೆ ಬಂದವು. ಮೇಲಿದ್ದದ್ದನ್ನು ಮೊದಲು ಓದಿದೆ. ಯಾಕೆ ಬೈಯುತ್ತಿದ್ದೀಯ ಎಂದು ತಿಳಿಯಲಿಲ್ಲ. ಆಮೇಲೆ ಇನ್ನೊಂದನ್ನು ಬಿಚ್ಚಿದೆ. ಅದರ ಮೇಲೆ ಅರಿಶಿನ ಕುಂಕುಮ ಹತ್ತಿತ್ತು.

ಮಂಗಳವಾರ ಶೇಖರಪ್ಪನ ಲೋಡು ನಿಂತುಹೋಯಿತಂತೆ, ಹಬ್ಬ ಕಳೆದು ತಾ ಎಂದರಂತೆ. ಅವನು ಅಲ್ಲಿಂದಲೇ ಟೆಂಪೋ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಗಾಡಿ ನಿಲ್ಲಿಸಿ ಊರಿಗೆ ಹೋಗಿಬಿಟ್ಟ. ಆಯುಧಪೂಜೆ ಆದ ಗಾಡಿಯನ್ನು ಕೆಲಸ ಶುರುವಾಗುವವರೆಗೆ ಅವನು ಎಬ್ಬಿಸುವುದಿಲ್ಲ. ಕಾಗದ ಸ್ಟೇರಿಂಗ್ ಮುಂದೆ ದೇವರ ಫೋಟೋ ಪಕ್ಕದಲ್ಲಿತ್ತು. ಅದಕ್ಕೂ ಪೂಜೆಯಾಗಿದೆ.

ಅವನ ಕಾಲರ್ ಹಿಡಿದೆ. ಅವನು ಕೈ ಬಿಡಿಸಿಕೊಳ್ಳಲೂ ಇಲ್ಲ. "ಕಾಗ್ದ ಅಲ್ವಾ ಸಾಮಿ, ಅರ್ಜೆಂಟಾಗಿದ್ರೆ ಫೋನ್ ಮಾಡ್ತಾರೆ ಅಂದ್ಕಂಡೆ" ಎಂದ. ನಾನು ಕೈ ಬಿಟ್ಟೆ.

ರಾಜೇಂದ್ರನ ಫೋನ್ ಕಟ್ ಮಾಡಿದ್ದು ನಿಜ. ಹಬ್ಬದ ಮಾರನೇ ದಿನ ಜಗಳ ಬೇಡ ಅಂದುಕೊಂಡೆ. ಆ ಹೊತ್ತಿನಲ್ಲಿ ನಾನು ಅಮ್ಮನ ಮಂಚದ ಪಕ್ಕದಲ್ಲೇ ಇದ್ದೆ. ಅವಳು ಉಪ್ಪಿಟ್ಟು ತಿನ್ನುತ್ತಿದ್ದಳು. ಯಾರ್ಲಾ ಅದು ಎಂದು ಕೇಳಿದಳು. ಯಾರೋ ಲೋನಿನವರು ಅಂದೆ.

ಮೇಡಂ ಕಾಲು ಹಿಡಿದಾದರೂ ಇನ್ನೊಂದು ದಿನ ಕೇಳು. ಎರಡು ದಿನದಿಂದ ಅಮ್ಮನಿಗೆ ಕೆಮ್ಮು.

ಲೋಕೇಶ್


ಲಗ್ಗೆರೆ
9 ನವೆಂಬರ್ 2025

ಅಣ್ಣ,

ಆಪರೇಷನ್ ಆಗದೆಯೇ ಅಮ್ಮನನ್ನು ನೀನು ಮನೆಗೆ ಕರೆದುಕೊಂಡು ಹೋದ ಮೇಲೆ ಒಂದು ವಾರ ಏನೂ ಬರೆಯಲು ಆಗಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದೇನೆ, ಸ್ಕ್ರೂ ಪ್ಯಾಕ್ ಮಾಡುತ್ತೇನೆ, ಬರುತ್ತೇನೆ.

ಮೇಡಂ ಮೇಲೆ ನನಗೆ ಬೇಸರವಿಲ್ಲ. ಎರಡನೇ ಸಲ ದಿನ ಕೊಟ್ಟರು, ಕೊಟ್ಟ ದಿನವೇ ನೀನು ಕರೆದುಕೊಂಡು ಬಂದೆ. ಅಷ್ಟರಲ್ಲಿ ಎದೆಯಲ್ಲಿ ಕಫ ಕಟ್ಟಿತ್ತು, ಬೆನ್ನಿನ ಹುಣ್ಣು ಬಾಯಿಬಿಟ್ಟಿತ್ತು. ಅರಿವಳಿಕೆ ಕೊಟ್ಟರೆ ಮತ್ತೆ ಏಳುವುದಿಲ್ಲ ಎಂದು ಅದನ್ನು ಕೊಡುವ ಡಾಕ್ಟರು ಬಿಡಲಿಲ್ಲ. ಔಷಧಿ ಕೊಟ್ಟು ಕಾದರು, ಮತ್ತೆ ಪರೀಕ್ಷೆ ಮಾಡಿದರು, ಮತ್ತೆ ಬೇಡ ಎಂದರು. ಕೊನೆಯ ದಿನ ಮೇಡಂ ನನ್ನನ್ನು ಕಾರಿಡಾರಿಗೆ ಕರೆದು ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ. "ಮೂರನೇ ತಾರೀಕು ಬಂದಿದ್ರೆ ಮಾಡ್ಬಿಡ್ತಿದ್ದೆ ಕಣಮ್ಮ. ಅವತ್ತು ಎದೆ ಕ್ಲೀನಾಗಿ ಇದ್ದಿರತ್ತೆ. ಯಾಕೆ ಬರ್ಲಿಲ್ಲ?" ನಾನು ಹಬ್ಬ ಇತ್ತು ಮೇಡಂ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅವರಿಗೆ ಆಣೆಯ ವಿಷಯ ಹೇಗೆ ಹೇಳುವುದು?

ವಾರ್ಡಿನಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ನೀನು ಮಂಚದ ಆ ಕಡೆ, ನಾನು ಈ ಕಡೆ. ಅಮ್ಮ ಕಣ್ಣುಬಿಟ್ಟು ನಮ್ಮಿಬ್ಬರನ್ನೂ ನೋಡಿ ನಿನ್ನ ಕೈ ಹಿಡಿದು ತಲೆಯ ಮೇಲಿಟ್ಟುಕೊಂಡಳು, ನನ್ನ ಕೈಯನ್ನೂ ಇಟ್ಟುಕೊಂಡಳು. "ನನ್ ಮ್ಯಾಲಿನ್ ಆಣೆ, ನಾನೇ ಇಳಿಸ್ತಾವ್ನಿ. ಮಾತಾಡ್ರಿ ಅತ್ಲಾಗೆ." ಪಕ್ಕದ ಮಂಚದ ಹೆಂಗಸು ಕೂಡ ಕಾಯುತ್ತಿದ್ದಳು. ನಿನ್ನ ತುಟಿ ಅಲುಗಾಡಿತು. ನೀನು ತಿರುಗಿ, ಔಷಧಿ ತರುತ್ತೇನೆ ಎಂದು ನರ್ಸಿಗೆ ಹೇಳಿ ಹೊರಟುಹೋದೆ.

ಇನ್ನು ಸಾಕು ಅಣ್ಣ. ಆಣೆ ಇಟ್ಟದ್ದು ಅವಳ ತಲೆಯ ಮೇಲೆ, ಇಳಿಸಿದವಳೂ ಅವಳೇ. ಫೋನ್ ಮಾಡು. ಏನೂ ಹೇಳದಿದ್ದರೂ ಪರವಾಗಿಲ್ಲ, ಫೋನ್ ಹಿಡಿದುಕೊಂಡಿರು.

ವೇಣಿ


ದೊಡ್ಡನೆಕ್ಕುಂದಿ
26 ನವೆಂಬರ್ 2025

ವೇಣಿ,

ಫೋನ್ ಬರುತ್ತದೆ ಎಂದು ಕಾದಿರುತ್ತೀಯ. ದಿನಾ ನಂಬರು ತೆಗೆಯುತ್ತೇನೆ.

ಅಮ್ಮ ಇಳಿಸಿದಳು, ನಿಜ. ದೊಡ್ಡಮುನಿಯಪ್ಪ ತಾತನನ್ನೂ ಕೇಳಿದೆ. ತಲೆ ಯಾರದೋ ಅವರು ಇಳಿಸಿದರೆ ಇಳಿದ ಹಾಗೇ ಎಂದರು. ನನಗೂ ಬುದ್ಧಿಗೆ ಗೊತ್ತಾಗುತ್ತದೆ. ಆದರೆ ಬೆಳಗ್ಗೆ ಅವಳ ಬೆನ್ನಿನ ಹುಣ್ಣು ತೊಳೆಯುವಾಗ, ಉಸಿರು ಎಳೆದು ಬಿಡುವ ಸದ್ದು ಕೇಳುವಾಗ, ನಾನು ಒಂದು ಮಾತಾಡಿ ಇದು ನಿಂತುಬಿಟ್ಟರೆ ಎನ್ನಿಸುತ್ತದೆ. ಅವಳ ಕಾಲು ಹೋಯಿತು. ಇನ್ನು ಉಳಿದಿರುವುದು ಆ ಸದ್ದು ಒಂದೇ. ಅದರ ಮೇಲೆ ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿಲ್ಲ. ನೀನೂ ಅವತ್ತು ಗುಂಡಿ ಒತ್ತಲಿಲ್ಲವಲ್ಲ.

ಮಂಚವನ್ನು ಮುಂದಿನ ಕೋಣೆಗೆ ತಂದಿದ್ದೇನೆ. ರಸ್ತೆ ಕಾಣುತ್ತದೆ. ಬಾಡಿಗೆಯವರು ಹೋಗುವಾಗ ಬರುವಾಗ ಕಿಟಕಿಯಲ್ಲಿ ಮಾತಾಡಿಸುತ್ತಾರೆ, ಯಾರ ಮನೆಯಲ್ಲಿ ಏನು ಅಡುಗೆ ಎಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಸಂಜೆಯಾದರೆ ನನ್ನನ್ನು ಕೇಳುತ್ತಾಳೆ: "ವೇಣಿ ಕುಟ್ಟೆ ಮಾತಾಡ್ದೇನ್ಲಾ?" ಆಡಿದೆ ಅನ್ನುತ್ತೇನೆ. ಏನಂದ್ಲು ಅನ್ನುತ್ತಾಳೆ. ನಿನ್ನ ಕಾಗದದಲ್ಲಿ ಇರುವುದನ್ನು ಹೇಳುತ್ತೇನೆ. ಇದ್ದದ್ದೆಲ್ಲ ಹೇಳಿ ಮುಗಿಯಿತು, ಈಗ ನಾನೇ ಕಟ್ಟಿ ಹೇಳುತ್ತಿದ್ದೇನೆ. ನಿನ್ನೆ ನೀನು ಅವರೆಕಾಳು ಸಾರು ಮಾಡಿದ್ದೀಯ. ಉಪ್ಪು ಹೆಚ್ಚಾಯಿತಂತೆ. ಅವಳಿಗೆ ನಗು ಬಂತು, ಯಾವಾಗ್ಲೂ ಅಂಗೇ ಅವಳು ಎಂದಳು.

ಅದಕ್ಕೆ ಬರೆಯುವುದನ್ನು ನಿಲ್ಲಿಸಬೇಡ. ದೊಡ್ಡ ವಿಷಯ ಬೇಡ. ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ, ಅಂಥದ್ದು ಬರಿ.

ಭಾನುವಾರ ಮನೆಗೆ ಬಾ. ರಾಜೇಂದ್ರನನ್ನೂ ಕರೆದುಕೊಂಡು ಬಾ, ಅವನ ಜೊತೆ ಮಾತಾಡಬಾರದು ಎಂದು ಯಾವ ಆಣೆಯೂ ಇರಲಿಲ್ಲ, ನಾನೇ ಮಾಡಿಕೊಂಡದ್ದು. ನೀನು ಅಮ್ಮನ ಹತ್ತಿರ ಕೂತು ಮಾತಾಡು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ.

ಇನ್ನೊಂದು ಮಾತು ಬರೆದುಬಿಡುತ್ತೇನೆ. ಆ ಉಸಿರಿನ ಸದ್ದು ಕೇಳುವವರೆಗೆ ನನ್ನಿಂದ ಫೋನ್ ಬರುವುದಿಲ್ಲ. ಯಾವತ್ತಾದರೂ ನಿನ್ನ ಫೋನಿನಲ್ಲಿ ನನ್ನ ನಂಬರು ಬಂದರೆ, ನಿಂತುಕೊಂಡು ಎತ್ತಬೇಡ. ಎಲ್ಲಿದ್ದರೂ ಮೊದಲು ಕೂತುಕೊ.

ನಿನ್ನ ಅಣ್ಣ
ಲೋಕೇಶ್